ಗೃಹಸ್ಥರು ಅಣುವ್ರತಗಳನ್ನು ಪಾಲಿಸುವ ಬಗೆ: ಅಂಗಡಿ, ಕಚೇರಿ, ಬಸದಿ

ಜೈನ ಮುನಿಗಳ ಮಹಾವ್ರತಗಳೂ ಗೃಹಸ್ಥರ ಅಣುವ್ರತಗಳೂ ಅದೇ ಐದು ವಿಷಯಗಳನ್ನು ಕುರಿತವು: ಅಹಿಂಸೆ, ಸತ್ಯ, ಅಚೌರ್ಯ (ಕದಿಯದಿರುವುದು), ಬ್ರಹ್ಮಚರ್ಯ ಮತ್ತು ಅಪರಿಗ್ರಹ (ವಸ್ತುಗಳನ್ನು ಕೂಡಿಹಾಕದಿರುವುದು). ಮುನಿಗಳು ಅವನ್ನು ಪೂರ್ಣವಾಗಿ ಪಾಲಿಸುತ್ತಾರೆ. ಮನೆ, ಮಕ್ಕಳು, ವ್ಯಾಪಾರ, ನೌಕರಿ ಇರುವ ಶ್ರಾವಕ ಶ್ರಾವಕಿಯರು ತಾವು ಗೊತ್ತುಮಾಡಿಕೊಂಡ ಮಿತಿಯೊಳಗೆ ಪಾಲಿಸುತ್ತಾರೆ. ಕರ್ನಾಟಕದ ಜೈನ ಮನೆಗಳಲ್ಲಿ ಈ ಐದರ ಹೆಸರನ್ನು ಮಕ್ಕಳೂ ಹೇಳುತ್ತಾರೆ. ಆದರೆ ಸೂರ್ಯಾಸ್ತದ ನಂತರ ಊಟ ಮಾಡದ, ಸೋಸದ ನೀರನ್ನು ಕುಡಿಯದ ಎಷ್ಟೋ ಮಂದಿ, ತೂಕದ ಯಂತ್ರ, ಕ್ರಯಪತ್ರ, ಸಮಿತಿಯ ಲೆಕ್ಕ ಎದುರಿಗೆ ಬಂದಾಗ ಅಷ್ಟೇ ಖಚಿತವಾಗಿ ನಡೆದುಕೊಳ್ಳುವುದಿಲ್ಲ. ಊಟದ ನಿಯಮಕ್ಕೆ ಗಡಿ ಕಣ್ಣಿಗೆ ಕಾಣುತ್ತದೆ, ವ್ಯವಹಾರದ ನಿಯಮಕ್ಕೆ ನಾವು ಗಡಿಯನ್ನೇ ಹಾಕಿಕೊಂಡಿರುವುದಿಲ್ಲ ಎಂಬುದು ಇದಕ್ಕೆ ಮುಖ್ಯ ಕಾರಣವೆಂದು ನಾನು ತಿಳಿದಿದ್ದೇನೆ.

ಆ ಗಡಿಯನ್ನು ಶಾಸ್ತ್ರ ಹಾಕಿಕೊಟ್ಟಿದೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಒಂದೊಂದು ವ್ರತಕ್ಕೂ ಐದೈದು ಅತಿಚಾರಗಳನ್ನು, ಅಂದರೆ ವ್ರತ ಪೂರ್ತಿ ಮುರಿಯದೆ ಸೋರಿಹೋಗುವ ದಾರಿಗಳನ್ನು ಹೆಸರಿಸುತ್ತದೆ. ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿಸಿ ಬಿಟ್ಟುಬಿಡುವ ಈ ಪಟ್ಟಿಯನ್ನು ಕೆಲಸದ ಜಾಗಕ್ಕೆ ತೆಗೆದುಕೊಂಡು ಹೋಗಿ ಬಳಸಬೇಕು ಎಂಬುದೇ ನಾನು ಇಲ್ಲಿ ಹೇಳಬೇಕೆಂದಿರುವ ಮಾತು. ಜೈನರಲ್ಲದವರಿಗೂ ಇದರಲ್ಲಿ ಅಡ್ಡಿಯಿಲ್ಲ. ಜೈನ ಮುನಿಗಳಾದ ಆಚಾರ್ಯ ತುಳಸಿಯವರು 1949ರಲ್ಲಿ ಅಣುವ್ರತ ಆಂದೋಲನವನ್ನು ಆರಂಭಿಸಿದಾಗ ಅದನ್ನು ಎಲ್ಲ ಮತದವರಿಗೂ ತೆರೆದಿಟ್ಟಿದ್ದರು.

ವ್ರತವನ್ನು ಬರೆದು ಹಿಡಿಯುವುದು

ಐದು ವ್ರತಗಳನ್ನೂ ಒಂದೇ ದಿನ ಹಿಡಿಯಲು ಹೋಗಬೇಡಿ. ನಿಮ್ಮ ಜೀವನದಲ್ಲಿ ಎಲ್ಲಿ ಹೆಚ್ಚು ಸಡಿಲವಿದೆಯೋ ಅಲ್ಲಿಗೆ ಸಂಬಂಧಿಸಿದ ಒಂದನ್ನು ಆರಿಸಿಕೊಂಡು, ಏನನ್ನು ಬಿಡುತ್ತೀರಿ, ಎಷ್ಟು ಕಾಲಕ್ಕೆ ಬಿಡುತ್ತೀರಿ, ಯಾರ ಮುಂದೆ ಮಾತು ಕೊಡುತ್ತೀರಿ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ‘ಪ್ರಾಮಾಣಿಕನಾಗಿರುತ್ತೇನೆ’ ಎಂದು ಬರೆದರೆ ಅದು ಆಶಯವಾಯಿತೇ ಹೊರತು ವ್ರತವಾಗಲಿಲ್ಲ. ‘ಮುಂದಿನ ಭಾದ್ರಪದದ ದಶಲಕ್ಷಣ ಪರ್ವದವರೆಗೆ ನನ್ನ ಅಂಗಡಿಯಿಂದ ಬಿಲ್ ಇಲ್ಲದೆ ಯಾವ ಸರಕೂ ಹೊರಗೆ ಹೋಗುವುದಿಲ್ಲ’ ಎಂದು ಬರೆದರೆ, ಅದು ನಡೆಯಿತೋ ಇಲ್ಲವೋ ಎಂದು ಸಂಜೆ ನೋಡಿಕೊಳ್ಳಲು ಬರುತ್ತದೆ.

ಕಾಲದ ಮಿತಿ ಹಾಕಿಕೊಳ್ಳುವುದು ದೌರ್ಬಲ್ಯವೆಂದು ಭಾವಿಸಬೇಕಾಗಿಲ್ಲ. ಗೊತ್ತಾದ ಅವಧಿಗೆ ಹಿಡಿದದ್ದು ನಿಯಮ, ಬದುಕಿರುವವರೆಗೆ ಹಿಡಿದದ್ದು ಯಮ ಎಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎರಡನ್ನೂ ಒಪ್ಪಿದ್ದಾರೆ. ನೋಂಪಿಯನ್ನು ಹಿಡಿದವರು ಅದರ ತಿಥಿ, ವಿಧಿ, ಉದ್ಯಾಪನೆ ಎಲ್ಲವನ್ನೂ ಹೇಗೆ ತಪ್ಪದೆ ನಡೆಸುತ್ತಾರೋ ಹಾಗೆಯೇ ವ್ಯವಹಾರದ ವ್ರತಕ್ಕೂ ಆರಂಭದ ದಿನ ಮತ್ತು ಮುಗಿಯುವ ದಿನ ಇರಲಿ. ಸಾಧ್ಯವಿದ್ದರೆ ಮುನಿ ಮಹಾರಾಜರ ಅಥವಾ ಸಂನ್ಯಾಸಿನಿಯರಾದ ಮಾತಾಜಿಯವರ ಸನ್ನಿಧಿಯಲ್ಲಿ ಸ್ವೀಕರಿಸಿ. ವಿಹಾರದಲ್ಲಿ, ಅಂದರೆ ಕಾಲ್ನಡಿಗೆಯ ಸಂಚಾರದಲ್ಲಿ ಇರುವ ಮುನಿಸಂಘ ನಿಮ್ಮ ಊರಿಗೆ ಬರುವವರೆಗೆ ಕಾಯಬೇಕಾಗಿ ಬಂದರೆ, ಜಿನಬಿಂಬದ ಮುಂದೆ, ಮನೆಯ ಒಬ್ಬ ಹಿರಿಯರಿಗೆ ತಿಳಿಸಿ ಸ್ವೀಕರಿಸಿ.

ಬರೆಯುವಾಗ ಕೃತ, ಕಾರಿತ, ಅನುಮೋದನ ಎಂಬ ಮೂರನ್ನೂ ನೆನಪಿಡಬೇಕು. ತಾನೇ ಮಾಡುವುದು, ಇನ್ನೊಬ್ಬರಿಂದ ಮಾಡಿಸುವುದು, ಮಾಡಿದ್ದಕ್ಕೆ ಸಮ್ಮತಿಸುವುದು ಈ ಮೂರೂ ಕರ್ಮಬಂಧಕ್ಕೆ ಕಾರಣ. ಇಂದಿನ ಉದ್ಯೋಗದಲ್ಲಿ ಬಹುಪಾಲು ತಪ್ಪುಗಳು ಎರಡನೆಯ ಮತ್ತು ಮೂರನೆಯ ಬಗೆಯವು. ಏಜೆಂಟನ ಕೈಗೆ ಹಣ ಕೊಟ್ಟು, ‘ಆಫೀಸಿನಲ್ಲಿ ಏನು ಬೇಕೋ ನೀವೇ ನೋಡಿಕೊಳ್ಳಿ, ನನಗೆ ಹೇಳಬೇಡಿ’ ಎನ್ನುವುದು ಕಾರಿತ. ತಿಂಗಳ ಗುರಿ ಮುಟ್ಟಿದ್ದು ಹೇಗೆಂದು ಕೇಳದೆ ಕೈಕೆಳಗಿನವರನ್ನು ಹೊಗಳುವ ಮ್ಯಾನೇಜರರದು ಅನುಮೋದನ.

ವ್ರತ ಕೆಡುವುದರಲ್ಲೂ ಹಂತಗಳಿವೆ: ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರ. ಪ್ರವಾಸದ ಭತ್ಯೆಗೆ ಹೆಚ್ಚಿನ ಬಿಲ್ ಹಾಕೋಣವೆಂಬ ಯೋಚನೆ ಬಂದು ಮನಸ್ಸು ಕಲುಷಿತವಾದದ್ದು ಅತಿಕ್ರಮ. ಖಾಲಿ ರಸೀದಿಯನ್ನು ಕೇಳಿ ಪಡೆದಾಗ ಬೇಲಿ ದಾಟಿದಂತಾಯಿತು, ಅದು ವ್ಯತಿಕ್ರಮ. ಒಮ್ಮೆ ತುಂಬಿ ಸಲ್ಲಿಸಿದ್ದು ಅತಿಚಾರ. ಎಲ್ಲರೂ ಮಾಡುವುದೇ ಎಂದು ಅದರಲ್ಲೇ ಆಸಕ್ತರಾಗಿ ಮುಂದುವರಿದದ್ದು ಅನಾಚಾರ. ಈ ಹಂತಗಳನ್ನು ತಿಳಿದಿದ್ದರೆ ರಸೀದಿಯನ್ನು ಕೇಳುವ ಮೊದಲೇ ನಿಲ್ಲಬಹುದು, ಒಮ್ಮೆ ತಪ್ಪಿದವರು ಇನ್ನು ವ್ರತವೇ ಹೋಯಿತೆಂದು ಕೈಚೆಲ್ಲದೆ ಹಿಂದಿರುಗಲೂಬಹುದು.

ಅಂಗಡಿಯಲ್ಲಿ, ಕಚೇರಿಯಲ್ಲಿ ಅಚೌರ್ಯ

ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಓದಿದರೆ ಅವು ವ್ಯಾಪಾರಸ್ಥರಿಗಾಗಿಯೇ ಬರೆದವು ಎಂದು ತೋರುತ್ತದೆ: ಕಳ್ಳತನಕ್ಕೆ ಪ್ರೇರಿಸುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ತೂಕ ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವುದು, ಒಳ್ಳೆಯದರ ಜಾಗದಲ್ಲಿ ಅದರಂತೆ ಕಾಣುವ ಬೇರೆಯದನ್ನು ಕೊಡುವುದು.

ತೂಕದಿಂದ ಆರಂಭಿಸಿ. ವಿದ್ಯುನ್ಮಾನ ತೂಕದ ಯಂತ್ರಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ವರ್ಷಕ್ಕೊಮ್ಮೆ ಪರಿಶೀಲನೆಯ ಮುದ್ರೆ ಹಾಕಿಸಬೇಕು. ಆ ದಿನಾಂಕವನ್ನು ನಿಮ್ಮ ವ್ರತದ ಪುಟದಲ್ಲಿಯೇ ಬರೆದಿಟ್ಟುಕೊಳ್ಳಿ. ಕೊಡುವಾಗ ಕಡಿಮೆ ಅಳತೆ, ಕೊಳ್ಳುವಾಗ ಹೆಚ್ಚಿನ ಅಳತೆ ಎಂದು ವ್ಯಾಖ್ಯಾನಕಾರರು ಈ ಅತಿಚಾರದ ಎರಡೂ ಮುಖಗಳನ್ನು ಹೇಳಿದ್ದಾರೆ. ಗ್ರಾಹಕರಿಗೆ ಸರಿಯಾಗಿ ತೂಗಿ ಕೊಡುವ ವರ್ತಕರೂ ರೈತರಿಂದ ಕೊಳ್ಳುವಾಗ ಚೀಲದ ತೂಕ, ತೇವ, ಧೂಳು ಎಂದು ನಿಜಕ್ಕಿಂತ ಹೆಚ್ಚು ಮುರಿದುಕೊಳ್ಳುವುದುಂಟು. ಆದ್ದರಿಂದ ಖರೀದಿಯ ಕಡೆಯ ಲೆಕ್ಕವನ್ನು ಮೊದಲು ನೋಡಬೇಕು. ಅಲ್ಲಿ ಕೇಳುವವರು ಕಡಿಮೆ, ತಪ್ಪಿಗೆ ಅವಕಾಶ ಹೆಚ್ಚು. ಹಳೆಯ ದಾಸ್ತಾನನ್ನು ಹೊಸದರೊಂದಿಗೆ ಬೆರೆಸಿ ಒಂದೇ ದರಕ್ಕೆ ಮಾರುವುದು ಕೊನೆಯ ಅತಿಚಾರಕ್ಕೆ ಸೇರುತ್ತದೆ. ಅದನ್ನು ಬೇರೆಯಾಗಿ ಇಟ್ಟು, ದೋಷವನ್ನು ಹೇಳಿ, ದರ ಇಳಿಸಿ ಮಾರಿದರೆ ವ್ರತಕ್ಕೆ ಭಂಗವಿಲ್ಲ. ಬಿಲ್ ಇಲ್ಲದ ಹಳೆಯ ಚಿನ್ನ, ಎಲ್ಲಿಂದ ಬಂತೆಂದು ಹೇಳಲಾಗದ ಗುಜರಿ, ಪೇಟೆಗಿಂತ ತೀರ ಅಗ್ಗವಾಗಿ ಸಿಗುವ ಮೊಬೈಲ್ ಫೋನು, ಇವನ್ನು ಕೊಳ್ಳುವ ಮೊದಲು ಮೂಲವನ್ನು ಕೇಳಿ. ಉತ್ತರ ಸಿಗದಿದ್ದರೆ ಬಿಟ್ಟುಬಿಡಿ.

ರಾಜ್ಯದ ಕಟ್ಟಳೆಯನ್ನು ಮೀರುವುದು ಇದೇ ಪಟ್ಟಿಯಲ್ಲಿರುವುದರಿಂದ, ತೆರಿಗೆ ತಪ್ಪಿಸುವುದನ್ನು ಧರ್ಮಕ್ಕೆ ಸಂಬಂಧಿಸದ ಲೌಕಿಕ ವಿಷಯವೆಂದು ಶ್ರಾವಕರು ಹೇಳುವಂತಿಲ್ಲ. ತಪ್ಪಿಸಿದ ತೆರಿಗೆಯಲ್ಲಿ ಒಂದು ಪಾಲನ್ನು ಜಿನಬಿಂಬ ಪ್ರತಿಷ್ಠೆಯ ಪಂಚಕಲ್ಯಾಣ ಉತ್ಸವಕ್ಕೆ ಕೊಟ್ಟರೂ ಅದು ದಾನವಾಗುವುದಿಲ್ಲ ಎಂದು ನಾನು ಖಂಡಿತವಾಗಿ ನಂಬುತ್ತೇನೆ, ಏಕೆಂದರೆ ದಾನ ಮಾಡಬೇಕಾದದ್ದು ತನ್ನದಾದ ವಸ್ತುವನ್ನು.

ಲಂಚದ ವಿಷಯದಲ್ಲಿ ಕಾನೂನು ಈಗ ವ್ರತಕ್ಕೆ ಬಹಳ ಹತ್ತಿರ ಬಂದಿದೆ. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಂದ ತಿದ್ದುಪಡಿಯಿಂದ ಲಂಚ ಕೊಡುವುದೂ ಶಿಕ್ಷಾರ್ಹ ಅಪರಾಧವಾಯಿತು; ಬಲವಂತಕ್ಕೆ ಒಳಗಾಗಿ ಕೊಟ್ಟವರು ಏಳು ದಿನಗಳೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ಅವರಿಗೆ ರಕ್ಷಣೆಯಿದೆ. ಕಂದಾಯ ಕಚೇರಿಗೋ ಪುರಸಭೆಗೋ ಹೋಗುವಾಗ ದಾಖಲೆಗಳನ್ನು ಪೂರ್ತಿ ಜೋಡಿಸಿಕೊಂಡು, ಅರ್ಜಿಯನ್ನು ರಾಜ್ಯದ ‘ಸಕಾಲ’ ಯೋಜನೆಯಡಿ ಸಲ್ಲಿಸಿ, ಸ್ವೀಕೃತಿ ಸಂಖ್ಯೆಯನ್ನು ಪಡೆಯಿರಿ. 2011ರ ಸೇವೆಗಳ ಖಾತರಿ ಕಾಯ್ದೆಯಂತೆ ಗೊತ್ತಾದ ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. ಮೊತ್ತ ಚಿಕ್ಕದಾದರೂ, ಆ ಸಂಖ್ಯೆ ಕೈಯಲ್ಲಿದ್ದರೆ ಮೇಲ್ಮನವಿಗೆ ಆಧಾರ ಸಿಗುತ್ತದೆ. ವ್ರತ ಹಿಡಿದವರ ಕೆಲಸ ಕೆಲವೊಮ್ಮೆ ತಡವಾಗುವುದು ಸಹಜ. ಆ ವಿಳಂಬವನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು ಕೆಲಸವನ್ನು ಬೇಗ ಆರಂಭಿಸುವುದೇ ಉಪಾಯ. ಕೊನೆಯ ವಾರಕ್ಕೆ ಬಿಟ್ಟ ಅರ್ಜಿಯೇ ಹೆಚ್ಚಾಗಿ ಮನುಷ್ಯರನ್ನು ಲಂಚಕ್ಕೆ ದೂಡುತ್ತದೆ.

ಮಾತು, ಕಾಗದ, ಒಪ್ಪಿಸಿದ ಹಣ

ಸತ್ಯಾಣುವ್ರತದ ಅತಿಚಾರಗಳು ಸುಳ್ಳು ಹೇಳಬಾರದು ಎಂಬಲ್ಲಿಗೆ ನಿಲ್ಲುವುದಿಲ್ಲ. ತಪ್ಪು ಉಪದೇಶ, ಗುಟ್ಟಿನ ಸಂಗತಿಯನ್ನು ಬಯಲು ಮಾಡುವುದು, ಸುಳ್ಳು ಬರಹ, ನ್ಯಾಸಾಪಹಾರ (ಒಪ್ಪಿಸಿದ ಹಣವನ್ನು ಉಳಿಸಿಕೊಳ್ಳುವುದು), ಮುಖಭಾವದಿಂದ ಇನ್ನೊಬ್ಬರ ಅಭಿಪ್ರಾಯವನ್ನು ಊಹಿಸಿ ಹೊರಗೆ ಹರಡುವುದು ಇವೆಲ್ಲ ಅದರಲ್ಲಿ ಸೇರಿವೆ.

ನ್ಯಾಸಾಪಹಾರದ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಒಬ್ಬರು ನಿಮ್ಮಲ್ಲಿ ಹಣವನ್ನು ಇಟ್ಟು, ಎಷ್ಟು ಇಟ್ಟೆವೆಂಬುದನ್ನು ಮರೆತು, ಕಡಿಮೆ ಮೊತ್ತವನ್ನು ಕೇಳಿದಾಗ ‘ಹೌದು, ಅಷ್ಟೇ’ ಎಂದು ಒಪ್ಪಿಕೊಂಡು ಕೊಡುವುದನ್ನು ವ್ಯಾಖ್ಯಾನಕಾರರು ಇದಕ್ಕೆ ಉದಾಹರಣೆಯಾಗಿ ಹೇಳಿದ್ದಾರೆ. ನೀವು ಕಿತ್ತುಕೊಂಡದ್ದೇನೂ ಇಲ್ಲ, ಕೇಳಿದಷ್ಟನ್ನು ಕೊಟ್ಟಿದ್ದೀರಿ, ಆದರೂ ವ್ರತ ಸೋರಿತು. ಬಾಡಿಗೆದಾರರ ಅಡ್ವಾನ್ಸಿನಲ್ಲಿ ಬಣ್ಣದ ಖರ್ಚೆಂದು ನಿಜಕ್ಕಿಂತ ಹೆಚ್ಚು ಮುರಿದುಕೊಳ್ಳುವುದು, ಗ್ರಾಹಕರು ಎರಡು ಸಲ ಕಳಿಸಿದ ಯುಪಿಐ ಹಣದ ಬಗ್ಗೆ ಅವರು ಕೇಳುವವರೆಗೆ ಸುಮ್ಮನಿರುವುದು, ಚೀಟಿಯ ಲೆಕ್ಕದಲ್ಲಿ ಓದುಬರಹ ಬಾರದ ಸದಸ್ಯರಿಗೆ ಬರಬೇಕಾದದ್ದನ್ನು ಅವರು ಹೇಳಿದಷ್ಟಕ್ಕೇ ಮುಗಿಸುವುದು ಎಲ್ಲವೂ ಇದೇ ಜಾತಿಯವು. ತಿಂಗಳ ಕೊನೆಯಲ್ಲಿ ಒಂದು ಪುಟದಲ್ಲಿ ‘ನನ್ನ ಬಳಿಯಿರುವ, ನನ್ನದಲ್ಲದ ಹಣ’ ಎಂದು ಬರೆದು, ಹೆಸರು ಮತ್ತು ಮೊತ್ತವನ್ನು ಪಟ್ಟಿ ಮಾಡಿ. ನನ್ನ ದೃಷ್ಟಿಯಲ್ಲಿ ಸತ್ಯಾಣುವ್ರತಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ.

ಸುಳ್ಳು ಬರಹದಲ್ಲಿ ನಮ್ಮ ಕಾಲದ ದೊಡ್ಡ ಉದಾಹರಣೆ ಕ್ರಯಪತ್ರ. ಮಾರ್ಗಸೂಚಿ ಬೆಲೆಗೆ ನೋಂದಣಿ ಮಾಡಿಸಿ, ಉಳಿದದ್ದನ್ನು ನಗದಾಗಿ ಕೊಡುವುದು ಸತ್ಯ ಮತ್ತು ಅಚೌರ್ಯ ಎರಡನ್ನೂ ಕೆಡಿಸುತ್ತದೆ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನೂ ನಿಷೇಧಿಸಿದೆ. ಮಾತುಕತೆಯ ಮೊದಲ ದಿನವೇ ‘ಪೂರ್ತಿ ಮೊತ್ತ ಬ್ಯಾಂಕಿನ ಮೂಲಕ’ ಎಂದು ಹೇಳಿಬಿಡಿ. ಕೆಲವು ವ್ಯವಹಾರಗಳು ಕೈತಪ್ಪುತ್ತವೆ, ಅದನ್ನು ಒಪ್ಪಿಕೊಂಡೇ ಹೇಳಬೇಕು. ಲೆಕ್ಕಪರಿಶೋಧಕರು ನೋಡದ ಪುಸ್ತಕಕ್ಕೆ ಸಹಿ ಹಾಕುವುದು, ವೈದ್ಯರು ರಜೆಗಾಗಿ ಇಲ್ಲದ ಕಾಯಿಲೆಯ ಪ್ರಮಾಣಪತ್ರ ಬರೆಯುವುದು ಇದೇ ಅತಿಚಾರ. ಅಗತ್ಯವಿಲ್ಲದ ಪರೀಕ್ಷೆಗೆ ರೋಗಿಯನ್ನು ಕಳಿಸಿ ಕಮಿಷನ್ ಪಡೆಯುವುದು ತಪ್ಪು ಉಪದೇಶಕ್ಕೆ ಸೇರುತ್ತದೆ, ಮತ್ತು 2002ರ ವೈದ್ಯಕೀಯ ನೀತಿಸಂಹಿತೆ ಅಂಥ ಕಮಿಷನ್ನನ್ನು ನಿಷೇಧಿಸಿದೆ.

ಇನ್ನೊಬ್ಬರನ್ನು ವಿಪತ್ತಿಗೆ ತಳ್ಳುವ ನಿಜವನ್ನೂ ಆಡಬಾರದೆಂದು ಸಮಂತಭದ್ರರು ಹೇಳಿದ್ದಾರೆ. ಯಾರದೋ ಮನೆಯ ಜಗಳವನ್ನು, ಮುರಿದ ಸಂಬಂಧವನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹರಡಿ ‘ಇದ್ದದ್ದನ್ನೇ ಹೇಳಿದೆ’ ಎನ್ನುವವರಿಗೆ ಇದು ಉತ್ತರ. ಆದರೆ ಕಲಬೆರಕೆಯನ್ನೋ ಹಣದ ದುರುಪಯೋಗವನ್ನೋ ಮುಚ್ಚಿಡಲು ಈ ಮಾತನ್ನು ಬಳಸಬಾರದು. ಅಲ್ಲಿ ಮೌನವೇ ಹೆಚ್ಚು ಜನರನ್ನು ವಿಪತ್ತಿಗೆ ತಳ್ಳುತ್ತದೆ.

ಕೈಕೆಳಗಿನವರ ವಿಷಯದಲ್ಲಿ ಅಹಿಂಸೆ

ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ. ಅಡುಗೆಯಲ್ಲಿ, ಹೊಲದಲ್ಲಿ, ಆತ್ಮರಕ್ಷಣೆಯಲ್ಲಿ ಆಗುವುದನ್ನು ಗೃಹಸ್ಥರು ಪೂರ್ತಿ ಬಿಡಲಾರರು, ಕಡಿಮೆ ಮಾಡಬಲ್ಲರು; ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆಯನ್ನು ಪೂರ್ತಿ ಬಿಡಬೇಕು. ಊಟದ ಭಾಗವನ್ನು ನಮ್ಮ ಮನೆಗಳು ಚೆನ್ನಾಗಿ ಬಲ್ಲವಾದ್ದರಿಂದ ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಕಚೇರಿಯ ಪ್ರವಾಸ, ರಾತ್ರಿಯ ಔತಣಗಳಲ್ಲಿ ನಿಮ್ಮ ನಿಯಮವನ್ನು ಮೊದಲೇ ಒಂದೇ ಮಾತಿನಲ್ಲಿ ತಿಳಿಸಿ, ಇತರರ ತಟ್ಟೆಯ ಬಗ್ಗೆ ಏನೂ ಹೇಳದೆ ಅವರೊಂದಿಗೆ ಕುಳಿತುಕೊಳ್ಳಿ.

ಮರೆತುಹೋಗುವ ಭಾಗ ಬೇರೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು ಇವುಗಳ ಜೊತೆಗೆ ಅತಿಭಾರ ಹೇರುವುದು ಮತ್ತು ಅನ್ನಪಾನಗಳನ್ನು ತಡೆಯುವುದು ಸೇರಿವೆ. ಹಿಂದೆ ಇವು ಹೆಚ್ಚಾಗಿ ಎತ್ತು, ಕುದುರೆ, ಆಳುಗಳನ್ನು ಕುರಿತ ಮಾತುಗಳಾಗಿದ್ದವು. ಇಂದು ಹಮಾಲರು, ಲಾರಿ ಚಾಲಕರು, ಮನೆಗೆಲಸದವರು, ಕಚೇರಿಯ ಕಿರಿಯರು ನಮ್ಮ ಅಧೀನದಲ್ಲಿದ್ದಾರೆ. ರಾತ್ರಿಯಿಡೀ ಗಾಡಿ ಓಡಿಸಿದ ಚಾಲಕರನ್ನು ಬೆಳಗ್ಗೆ ಮತ್ತೊಂದು ಬಾಡಿಗೆಗೆ ಕಳಿಸುವುದು ಅತಿಭಾರಾರೋಪಣ. ಮಧ್ಯಾಹ್ನದ ಊಟದ ವೇಳೆಗೆ ಸಭೆ ಕರೆದು ಎರಡೂವರೆಯವರೆಗೆ ಕೂರಿಸುವುದು ಅನ್ನಪಾನನಿರೋಧ. ಮನೆಯಲ್ಲಿ ಪರ್ಯೂಷಣದ ಉಪವಾಸ ನಡೆಯುತ್ತಿರುವಾಗ ಕೆಲಸದವರ ಊಟವನ್ನು ಮರೆಯುವುದೂ ಅದೇ. ವ್ರತದ ಪುಟದಲ್ಲಿ ಅವರ ಕೆಲಸದ ವೇಳೆ, ವಾರದ ರಜೆ, ಸಂಬಳ ಕೊಡುವ ತಾರೀಖು ಇವನ್ನು ಬರೆದು ಹಾಗೆಯೇ ನಡೆಸಿ.

ಬ್ರಹ್ಮಚರ್ಯಾಣುವ್ರತವೆಂದರೆ ಗೃಹಸ್ಥರಿಗೆ ತಮ್ಮ ದಾಂಪತ್ಯದಲ್ಲಿ ತೃಪ್ತರಾಗಿರುವುದು. ಉದ್ಯೋಗದಲ್ಲಿ ಇದಕ್ಕೆ ಸೇರಿಸಬೇಕಾದದ್ದು ಒಂದೇ: ಹತ್ತು ಅಥವಾ ಹೆಚ್ಚು ನೌಕರರಿರುವಲ್ಲಿ, ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆ ಕೇಳುವ ಆಂತರಿಕ ಸಮಿತಿಯನ್ನು ಮಾಲೀಕರು ನಿಜವಾಗಿ ರಚಿಸಿ, ದೂರು ಬಂದಾಗ ರಾಜಿಗೆ ಒತ್ತಾಯಿಸದಿರಬೇಕು.

ಬಸದಿಯ ಸಮಿತಿಯಲ್ಲಿ

ಅಂಗಡಿಯಲ್ಲಿ ಪೈಸೆಯ ಲೆಕ್ಕ ಇಡುವವರೂ ಬಸದಿಯ ಲೆಕ್ಕದಲ್ಲಿ ಸಂಕೋಚಪಡುತ್ತಾರೆ. ಕೇಳಿದರೆ ಅವಿಶ್ವಾಸ ತೋರಿಸಿದಂತಾಗುತ್ತದೆ ಎಂಬ ಭಯ. ದೇವದ್ರವ್ಯವೂ ಒಂದು ನ್ಯಾಸ, ಸಮಾಜ ನಮ್ಮ ಕೈಗೆ ಒಪ್ಪಿಸಿದ ಹಣ ಎಂದು ತಿಳಿದರೆ ಸಂಕೋಚಕ್ಕೆ ಕಾರಣವಿರುವುದಿಲ್ಲ. ಬ್ಯಾಂಕಿನ ಖಾತೆಗೆ ಇಬ್ಬರ ಸಹಿ ಇರಲಿ. ಹುಂಡಿಯನ್ನು ಮೂವರ ಎದುರಿಗೆ ತೆರೆದು ಎಣಿಸಿ ಅಂದೇ ಜಮಾ ಮಾಡಿ. ತಿಂಗಳ ಜಮಾಖರ್ಚನ್ನು ಬಸದಿಯ ಫಲಕದಲ್ಲಿ ಹಾಕಿ. ಜೀರ್ಣೋದ್ಧಾರದ ಗುತ್ತಿಗೆಗೆ ಪದಾಧಿಕಾರಿಗಳ ಬಂಧುಗಳು ದರ ಕೊಟ್ಟಿದ್ದರೆ, ಆ ಪದಾಧಿಕಾರಿ ಸಂಬಂಧವನ್ನು ಬಾಯಿಬಿಟ್ಟು ಹೇಳಿ ತೀರ್ಮಾನದ ವೇಳೆ ಹೊರಗೆ ಹೋಗಬೇಕು, ಮತ್ತು ಅದು ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕು. ಅಭಿಷೇಕದ ಕಲಶಕ್ಕೆ ಸವಾಲಿನಲ್ಲಿ (ಹರಾಜಿನಲ್ಲಿ) ಕೂಗಿದ ಮೊತ್ತ ಕೂಗಿದ ಕ್ಷಣದಿಂದ ಸಾಲ. ಕೈಯಲ್ಲಿರುವಷ್ಟಕ್ಕೇ ಕೂಗಿ, ಎಂಟು ದಿನಗಳಲ್ಲಿ ಕಟ್ಟುವ ನಿಯಮವನ್ನು ಸಮಿತಿಯೇ ಮಾಡುವುದು ಒಳ್ಳೆಯದು.

ಇಲ್ಲಿ ಬರುವ ಕಠಿಣ ಪ್ರಶ್ನೆ ಉಪಗೂಹನದ್ದು. ಸಮ್ಯಗ್ದರ್ಶನದ, ಅಂದರೆ ಸರಿಯಾದ ಶ್ರದ್ಧೆಯ ಎಂಟು ಅಂಗಗಳಲ್ಲಿ ಉಪಗೂಹನವೂ ಒಂದು. ಸಾಧರ್ಮಿಗಳ ದೋಷವನ್ನು ಮುಚ್ಚಬೇಕೆಂದು ಅದನ್ನು ವಿವರಿಸುತ್ತಾರೆ. ಹಣ ತಿಂದ ಪದಾಧಿಕಾರಿಯ ಹೆಸರು ಹೊರಬೀಳುವ ಹೊತ್ತಿಗೆ ಯಾರಾದರೊಬ್ಬರು ಈ ಅಂಗವನ್ನು ನೆನಪಿಸಿ ಎಲ್ಲರ ಬಾಯಿ ಮುಚ್ಚಿಸುವುದುಂಟು. ಸಮಂತಭದ್ರರ ಮಾತನ್ನು ಪೂರ್ತಿ ಓದಿದರೆ, ಅವರು ಹೇಳಿರುವುದು ಅಜ್ಞಾನಿಗಳೂ ಅಶಕ್ತರೂ ಆದವರಿಂದ ಶುದ್ಧವಾದ ಮಾರ್ಗಕ್ಕೆ ಬರುವ ನಿಂದೆಯನ್ನು ಅಳಿಸುವುದನ್ನು. ಉಪವಾಸವನ್ನು ಪೂರೈಸಲಾಗದ ಮುದುಕರು, ವಿಧಿ ತಿಳಿಯದೆ ತಪ್ಪಿದ ಹುಡುಗರು ಅದರಲ್ಲಿ ಸೇರುತ್ತಾರೆ. ತಿಳಿದೂ ತಿಳಿದೂ ಸಮಾಜದ ಹಣವನ್ನು ತೆಗೆದವರು ಸೇರುವುದಿಲ್ಲ. ಅಂಥವರಿಗೆ ಅನ್ವಯಿಸಬೇಕಾದದ್ದು ಮುಂದಿನ ಅಂಗವಾದ ಸ್ಥಿತಿಕರಣ: ಲೆಕ್ಕವನ್ನು ಮುಂದಿಟ್ಟು, ಹಣವನ್ನು ಹಿಂದಿರುಗಿಸಲು ಗಡುವು ಕೊಟ್ಟು, ಹುದ್ದೆಯಿಂದ ಇಳಿಸಿ, ಪೂಜೆಗೂ ಸ್ವಾಧ್ಯಾಯಕ್ಕೂ ಅವರು ಬರುವುದನ್ನು ತಡೆಯದೆ, ಮತ್ತೆ ಧರ್ಮದಲ್ಲಿ ನೆಲೆಗೊಳಿಸುವುದು. ಹಿಂದಿರುಗಿಸದಿದ್ದರೆ ಪೊಲೀಸರಿಗೆ ದೂರು ಕೊಡುವುದರಲ್ಲಿ ಧರ್ಮಕ್ಕೆ ಯಾವ ಹಾನಿಯೂ ಇಲ್ಲ.

ಆಸ್ತಿಗೆ ಮಿತಿ

ಪರಿಗ್ರಹ ಪರಿಮಾಣವನ್ನು ಕುಟುಂಬದವರೆಲ್ಲ ಕುಳಿತು ಬರೆಯಬೇಕು. ಹೊಲ, ಮನೆ, ಬೆಳ್ಳಿ, ಬಂಗಾರ, ಪಶು, ಧಾನ್ಯ, ಆಳುಕಾಳು, ಬಟ್ಟೆಬರೆ ಎಂದು ಶಾಸ್ತ್ರ ಎಣಿಸುವಲ್ಲಿ ಇಂದಿನವರು ನಿವೇಶನ, ಷೇರು, ವಾಹನಗಳನ್ನೂ ಸೇರಿಸಿಕೊಳ್ಳಬೇಕು. ಎಂದಿಗೂ ಮುಟ್ಟದಷ್ಟು ಎತ್ತರದಲ್ಲಿ ಮಿತಿ ಇಟ್ಟರೆ ವ್ರತದಿಂದ ಪ್ರಯೋಜನವಿಲ್ಲ. ಐದು ವರ್ಷಗಳೊಳಗೆ ತಾಗುವಂತೆ ಇಡಿ. ಮಿತಿ ಮೀರಿದ ಹೊಲವನ್ನು ಬದು ತೆಗೆದು ಹಳೆಯದರೊಂದಿಗೆ ಸೇರಿಸಿ ಒಂದೇ ಎಂದು ಎಣಿಸುವುದನ್ನು, ಹೆಚ್ಚಾದ ಬಂಗಾರವನ್ನು ಅವಧಿ ಮುಗಿಯುವವರೆಗೆ ಇನ್ನೊಬ್ಬರ ಬಳಿ ಇಡುವುದನ್ನು ಹಳೆಯ ವ್ಯಾಖ್ಯಾನಕಾರರು ಅತಿಚಾರವೆಂದೇ ಗುರುತಿಸಿದ್ದಾರೆ. ನಿವೇಶನವನ್ನು ಹೆಂಡತಿಯ ಹೆಸರಿಗೆ ಬರೆಯುವುದು ಅದರ ಹೊಸ ರೂಪ. ಇತರರ ಲಾಭವನ್ನು ಕಂಡು ಬೆರಗಾಗಿ ನಿಲ್ಲುವುದನ್ನೂ ಸಮಂತಭದ್ರರು ಈ ವ್ರತದ ಅತಿಚಾರವೆಂದಿದ್ದಾರೆ. ನೆಂಟರ ಹೊಸ ಮನೆಯ ಫೋಟೋಗಳನ್ನು ಮತ್ತೆ ಮತ್ತೆ ನೋಡುವಾಗ ಇದು ನೆನಪಿರಲಿ.

ಮಿತಿಗಿಂತ ಹೆಚ್ಚಾದದ್ದು ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಿಗೆ ಹೋಗಬೇಕು. ಲಕ್ಕುಂಡಿಯಲ್ಲಿ 1007ರಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ್ದು ಶಾಸ್ತ್ರದಾನ. ಇಂದು ಹಾಸ್ಟೆಲ್ಲಿನ ಒಬ್ಬ ವಿದ್ಯಾರ್ಥಿಯ ಶುಲ್ಕವನ್ನು ಹೆಸರು ಹಾಕಿಸಿಕೊಳ್ಳದೆ ಕಟ್ಟುವುದೂ ಅದೇ ಸಾಲಿನದೆಂದು ನಾನು ಎಣಿಸುತ್ತೇನೆ.

ಸಂಜೆಯ ಪ್ರತಿಕ್ರಮಣ, ವರ್ಷದ ಕ್ಷಮೆ

ಸಮಭಾವದ ಧ್ಯಾನವಾದ ಸಾಮಾಯಿಕಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಕೂರುವ ಅಭ್ಯಾಸವಿರುವವರು ಅದರ ಕೊನೆಯಲ್ಲಿ ಪ್ರತಿಕ್ರಮಣಕ್ಕೆ (ಮಾಡಿದ ತಪ್ಪುಗಳನ್ನು ನೆನೆದು ಹಿಂದಿರುಗುವುದಕ್ಕೆ) ಹತ್ತು ನಿಮಿಷ ಇಟ್ಟುಕೊಳ್ಳಲಿ. ಇಲ್ಲದವರು ಹತ್ತು ನಿಮಿಷದಿಂದಲೇ ಆರಂಭಿಸಲಿ. ಬರೆದ ವ್ರತವನ್ನು ಓದಿ, ಅಂದು ಎಲ್ಲಿ ಯಾವ ಹಂತದವರೆಗೆ ತಪ್ಪಿತೆಂದು ಒಂದು ಸಾಲು ಬರೆಯಿರಿ. ತಪ್ಪಿನಿಂದ ಇನ್ನೊಬ್ಬರಿಗೆ ನಷ್ಟವಾಗಿದ್ದರೆ ಮೊದಲು ನಷ್ಟವನ್ನು ತುಂಬಿಕೊಡಬೇಕು, ಆಮೇಲೆ ಪ್ರಾಯಶ್ಚಿತ್ತ. ಉಪವಾಸ ಮಾಡಿ ಹಣವನ್ನು ಇಟ್ಟುಕೊಳ್ಳುವಂತಿಲ್ಲ.

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ನಡೆಯುವ ದಶಲಕ್ಷಣ ಪರ್ವ ಉತ್ತಮ ಕ್ಷಮೆಯಿಂದ ಆರಂಭವಾಗುತ್ತದೆ, ಹುಣ್ಣಿಮೆಯ ಮರುದಿನದ ಕ್ಷಮಾವಾಣಿಯೊಂದಿಗೆ ಮುಗಿಯುತ್ತದೆ. ಆ ದಿನ ನೂರಾರು ಜನರಿಗೆ ಒಂದೇ ಸಂದೇಶವನ್ನು ಕಳಿಸುವ ಮೊದಲು, ಸಂಜೆಯ ಸಾಲುಗಳಲ್ಲಿ ಹೆಚ್ಚು ಸಲ ಬಂದ ಹೆಸರುಗಳನ್ನು ಹುಡುಕಿ, ಅವರ ಮನೆಗೋ ಮೇಜಿಗೋ ಹೋಗಿ, ಇಂಥ ದಿನ ಇಂಥದ್ದು ನಡೆಯಿತು ಎಂದು ವಿಷಯವನ್ನು ಹೇಳಿ ಕ್ಷಮೆ ಕೇಳಿ. ನಿಮಗಿಂತ ಕಿರಿಯರಾಗಿದ್ದರೂ, ನಿಮ್ಮಿಂದ ಸಂಬಳ ಪಡೆಯುವವರಾಗಿದ್ದರೂ ನೀವೇ ಹೋಗಬೇಕು. ಅದಾದ ಮೇಲೆ ಅದೇ ವಾರದಲ್ಲಿ ಹೊಸ ವರ್ಷದ ಪುಟವನ್ನು ಬರೆಯಿರಿ: ಸುಲಭವಾಗಿ ನಡೆದ ನಿಯಮವನ್ನು ಯಮವಾಗಿ ಮಾಡಿಕೊಳ್ಳಬಹುದು, ಪದೇ ಪದೇ ತಪ್ಪಿದ್ದರ ಮಿತಿಯನ್ನು ಇನ್ನಷ್ಟು ಸ್ಪಷ್ಟಪಡಿಸಿ ಮತ್ತೊಂದು ವರ್ಷಕ್ಕೆ ಹಿಡಿಯಬಹುದು, ಮತ್ತು ಹೊಸದಾಗಿ ಒಂದು ವ್ರತವನ್ನು ಸೇರಿಸಬಹುದು.